ಜರ್ಮನಿ 1924–29: ದೇಶ ಸುಧಾರಿಸಿಕೊಂಡಿತು, ಸರಿ. ಜನ?

ಹಳೇಲೆಕ್ಕ

ಜರ್ಮನಿಯ ಕತೆ ಹೇಳೋಕೆ ನಮ್ಮಲ್ಲಿ ಎರಡು ಇಸವಿ ಸಾಕು. 1923ರಲ್ಲಿ ನೋಟು ರದ್ದಿಗೆ ಸಮವಾಯಿತು, 1929ರಲ್ಲಿ ಅಮೆರಿಕದ ಶೇರುಪೇಟೆ ಬಿತ್ತು, ಹಿಟ್ಲರ್ ಬಂದ. ಮಧ್ಯದ ವರ್ಷಗಳಿಗೆ 'ಒಳ್ಳೆಯ ಕಾಲ' ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ನನಗೆ ಆ ಒಂದು ಸಾಲಿನ ಮೇಲೇ ಅನುಮಾನ.

ನನ್ನ ವಾದ ಇಷ್ಟೇ. ಆ ಒಳ್ಳೆಯ ವರ್ಷಗಳಲ್ಲೇ ಮಧ್ಯಮ ವರ್ಗದವರು, ಸಣ್ಣ ವ್ಯಾಪಾರಿಗಳು, ರೈತರು ತಮ್ಮ ಹಳೆಯ ಪಕ್ಷಗಳನ್ನು ಬಿಟ್ಟು ಹೊರಗೆ ಬಂದರು. ಹಿಟ್ಲರ್ ಹತ್ತಿರ ಇನ್ನೂ ಹೋಗಿರಲಿಲ್ಲ, ಅಷ್ಟೇ.

ಯಾಕೆ ಅಂತ ಹೇಳುತ್ತೇನೆ. 1923ರ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ನವೆಂಬರ್ 15ಕ್ಕೆ ರೆಂಟನ್‌ಮಾರ್ಕ್ ಬಂತು. ಹಳೆಯ ಒಂದು ಲಕ್ಷ ಕೋಟಿ ಕೊಟ್ಟರೆ ಹೊಸದೊಂದು. ದೇಶದ ಹೊಲಗದ್ದೆ, ಕಾರ್ಖಾನೆಗಳ ಮೇಲಿನ ಅಡಮಾನವೇ ಇದಕ್ಕೆ ಆಧಾರ ಅಂದರು. ನೋಟು ತೋರಿಸಿ ಹೊಲ ಕೊಡಿ ಅಂತ ಯಾರೂ ಕೇಳುವ ಹಾಗಿರಲಿಲ್ಲ, ಆದರೂ ಜನ ನಂಬಿದರು. ಇಷ್ಟರ ಮೇಲೆ ಛಾಪಿಸುವುದಿಲ್ಲ ಅಂತ ಮಿತಿ ಹಾಕಿ, ಆ ಮಿತಿಗೆ ಅಂಟಿಕೊಂಡಿದ್ದೇ ದೊಡ್ಡ ಕೆಲಸ. ಅಲ್ಲಿಗೆ ಬೆಲೆ ನಿಂತಿತು.

ಬೆಲೆ ನಿಂತಿತು, ಆದರೆ ಮೊದಲ ಮಹಾಯುದ್ಧದ ಸಾಲ ಏನಾಯಿತು ನೋಡಿ. ಸರ್ಕಾರ ಜನರಿಂದ ಎತ್ತಿದ ಸಾಲ 15,400 ಕೋಟಿ ಮಾರ್ಕ್. 1923ರ ನವೆಂಬರಿನಲ್ಲಿ, 1914ರ ದುಡ್ಡಿನ ಲೆಕ್ಕಕ್ಕೆ, ಅದರ ಬೆಲೆ 15.4 ಫೆನ್ನಿಗ್. ಒಂದು ಮಾರ್ಕಿಗೆ ನೂರು ಫೆನ್ನಿಗ್. ಅಂದರೆ ದೇಶಭಕ್ತಿ ಅಂತ ಬಾಂಡ್ ಕೊಂಡ ಲಕ್ಷಾಂತರ ಮನೆಗಳ ದುಡ್ಡು ಒಟ್ಟು ಸೇರಿ ಚಿಲ್ಲರೆ ಕಾಸು. ಸರ್ಕಾರ ಮಾತ್ರ ಸಾಲದಿಂದ ಪಾರು.

ಮಾರ್ಕು ಗಟ್ಟಿಯಾದ ಮೇಲೆ ಇವರೆಲ್ಲ ನಮ್ಮ ದುಡ್ಡು ಎಲ್ಲಿ ಅಂತ ಕೇಳಿದರು. 1925ರ ಜುಲೈಯಲ್ಲಿ ಒಂದು ಕಾನೂನು ಬಂತು. ಅಡಮಾನ ಸಾಲ ಕೊಟ್ಟಿದ್ದವರಿಗೆ ಮೂಲ ಮೊತ್ತದ 25%, ಅದೂ ಅಸಲು ವಾಪಸ್ ಬರೋದು 1932ರಿಂದ. ಸರ್ಕಾರಿ ಬಾಂಡ್ ಇದ್ದವರಿಗೆ 2.5%. ಮೊದಲಿನಿಂದಲೂ ಬಾಂಡ್ ಇಟ್ಟುಕೊಂಡಿದ್ದವರಿಗೆ ಸ್ವಲ್ಪ ಜಾಸ್ತಿ, ಆದರೆ ಅದು ಲಾಟರಿ ಎತ್ತಿ ಮೂವತ್ತು ವರ್ಷಗಳಲ್ಲಿ ಕೊಡುವ ದುಡ್ಡು! ಅರವತ್ತು ದಾಟಿದ ವಿಧವೆಗೆ ಮೂವತ್ತು ವರ್ಷದ ಲಾಟರಿ. ಇದನ್ನು ಸುಧಾರಣೆ ಅನ್ನೋದಾ?

ತುಂಗಾತೀರ

ಹಳೇಲೆಕ್ಕ ಅವರೇ, ಚೆನ್ನಾಗಿ ಬರೆದಿದ್ದೀರಿ. ಆದರೆ ನೀವು ಸಿಟ್ಟನ್ನು ನೋಡುತ್ತಿದ್ದೀರಿ, ದುಡ್ಡು ಎಲ್ಲಿಂದ ಬರುತ್ತಿತ್ತು ಅಂತ ನೋಡುತ್ತಿಲ್ಲ. ಈ ಸುಧಾರಣೆಯ ಗುಟ್ಟೆಲ್ಲ ಇರೋದು ಸಾಲದಲ್ಲಿ.

1924ರ ಆಗಸ್ಟಿನಲ್ಲಿ ಡಾವ್ಸ್ ಯೋಜನೆ ಬಂತು. ಯುದ್ಧ ಪರಿಹಾರದ ಕಂತನ್ನು ಮೊದಲ ವರ್ಷ 100 ಕೋಟಿ ಮಾರ್ಕಿಗೆ ಇಳಿಸಿದರು, ಐದನೇ ವರ್ಷಕ್ಕೆ 250 ಕೋಟಿ. ಶುರು ಮಾಡೋಕೆ ಅಂತ ಹೊರಗಿನಿಂದ 80 ಕೋಟಿ ಚಿನ್ನದ ಮಾರ್ಕ್ ಸಾಲ. ಆ ಸಾಲಕ್ಕೆ ಗಿರಾಕಿಗಳು ಮುಗಿಬಿದ್ದರು. ಆಮೇಲೆ ಅಮೆರಿಕದ ಬ್ಯಾಂಕುಗಳಿಗೆ ಜರ್ಮನಿ ಅಂದರೆ ಬಡ್ಡಿ ಜಾಸ್ತಿ ಕೊಡುವ ಒಳ್ಳೆಯ ಜಾಗ ಆಯಿತು. ಅಮೆರಿಕ ಜರ್ಮನಿಗೆ ಸಾಲ ಕೊಡುತ್ತದೆ, ಜರ್ಮನಿ ಫ್ರಾನ್ಸ್‌ಗೆ ಬ್ರಿಟನ್‌ಗೆ ಪರಿಹಾರ ಕಟ್ಟುತ್ತದೆ, ಅವರು ಯುದ್ಧಕಾಲದ ಸಾಲ ಅಂತ ಅದನ್ನೇ ಅಮೆರಿಕಕ್ಕೆ ವಾಪಸ್ ಕಟ್ಟುತ್ತಾರೆ. ದುಡ್ಡು ಸುತ್ತು ಹೊಡೆದು ಹೊರಟಲ್ಲಿಗೇ ಬಂತು. ನಡುವೆ ಎಲ್ಲರಿಗೂ ಬಡ್ಡಿ, ಕಮಿಷನ್.

ತಮಾಷೆ ಏನಂದರೆ ಈ ಸಾಲದ ಒಂದು ದೊಡ್ಡ ಪಾಲು ಅಲ್ಪಾವಧಿಯದು. ತಂದವರು ಅದರಲ್ಲಿ ಮಾಡಿದ್ದು ದೀರ್ಘಾವಧಿಯ ಕೆಲಸ. ನಗರಸಭೆಗಳು ಈಜುಕೊಳ, ಸ್ಟೇಡಿಯಂ, ಪಾರ್ಕು ಕಟ್ಟಿದವು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಜರ್ಮನಿಯ ಕೇಂದ್ರ ಬ್ಯಾಂಕ್ ರೈಕ್ಸ್‌ಬ್ಯಾಂಕಿನ ಅಧ್ಯಕ್ಷ ಷಾಖ್ಟ್ 1927ರಲ್ಲಿ ಬಹಿರಂಗವಾಗಿಯೇ ಮೇಯರುಗಳ ಮೇಲೆ ಹರಿಹಾಯ್ದ. ಪರಿಹಾರದ ವಸೂಲಿ ನೋಡಿಕೊಳ್ಳಲು ಬರ್ಲಿನ್ನಿನಲ್ಲಿ ಕೂತಿದ್ದ ಅಮೆರಿಕದ ಪಾರ್ಕರ್ ಗಿಲ್ಬರ್ಟ್, ಮೂವತ್ತರ ಆಸುಪಾಸಿನ ಹುಡುಗ, ಅದೇ ವರ್ಷ ಖರ್ಚು ಕಡಿಮೆ ಮಾಡಿ ಅಂತ ಹಣಕಾಸು ಸಚಿವರಿಗೆ ಕಟುವಾಗಿ ಬರೆದ. ವಿದೇಶಾಂಗ ಸಚಿವ ಸ್ಟ್ರೆಸೆಮನ್ ಕೂಡ 1928ರಲ್ಲಿ ಹೇಳಿದ್ದ. ನಾವು ಜ್ವಾಲಾಮುಖಿಯ ಮೇಲೆ ಕುಣಿಯುತ್ತಿದ್ದೇವೆ, ಅಲ್ಪಾವಧಿ ಸಾಲವನ್ನು ವಾಪಸ್ ಕೇಳಿದರೆ ಕತೆ ಮುಗಿಯಿತು, ಅಂತ.

ಸಾಲ ವಾಪಸ್ ಕೇಳಿದರು, ಕತೆ ಮುಗಿಯಿತು. ಇಷ್ಟು ಸರಳ ವಿಷಯಕ್ಕೆ ವಿಧವೆಯ ಬಾಂಡ್ ಯಾಕೆ ಬೇಕು?

ಮೈನ್‌ದಂಡೆ

ನಾನು ಕೆಲಸದ ಮೇಲೆ ಫ್ರಾಂಕ್‌ಫರ್ಟ್‌ಗೆ ಬಂದು ಇಲ್ಲೇ ಉಳಿದವಳು. ಸಾಲ, ಜಾತ್ರೆ ಅಂತೆಲ್ಲ ಬೈಯುವ ಮೊದಲು ಆ ದುಡ್ಡಿನಲ್ಲಿ ಏನು ಕಟ್ಟಿದರು ಅಂತಲೂ ನೋಡಬೇಕು ಅನ್ನಿಸುತ್ತದೆ.

ಇಲ್ಲಿ ಊರಿನ ವಾಯವ್ಯಕ್ಕೆ ರೋಮರ್‌ಸ್ಟಾಟ್ ಅಂತ ಬಡಾವಣೆ ಇದೆ. 1925ರಲ್ಲಿ ಅರ್ನ್‌ಸ್ಟ್ ಮೈ ಎಂಬ ವಾಸ್ತುಶಿಲ್ಪಿ ಇಲ್ಲಿನ ನಗರಸಭೆಯ ಕಟ್ಟಡ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಐದು ವರ್ಷದಲ್ಲಿ ಇಂಥ ಸಾವಿರಾರು ಮನೆ ಕಟ್ಟಿಸಿದ. ಅದರಲ್ಲೊಂದು ಮನೆಯನ್ನು ಆಗ ಇದ್ದ ಹಾಗೇ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಅಡುಗೆಮನೆಯೊಳಗೆ ಹೋಗಿ ನಿಂತರೆ ಇಬ್ಬರಿಗೆ ಜಾಗ ಸಾಲದು. 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಆದರೆ ಒಂದೊಂದನ್ನೂ ಲೆಕ್ಕ ಹಾಕಿ ಇಟ್ಟಿದ್ದಾರೆ. ಸಕ್ಕರೆ, ಅಕ್ಕಿ, ಬೇಳೆಗೆ ಸಾಲಾಗಿ ಅಲ್ಯೂಮಿನಿಯಂ ಡಬ್ಬಿಗಳು. ಹಿಡಿ ಇದೆ, ಮುಂದೆ ಸೊಟ್ಟಿನ ಹಾಗೆ ಬಾಯಿ ಇದೆ, ಎಳೆದು ನೇರ ಪಾತ್ರೆಗೆ ಸುರಿಯಬಹುದು. ಹಿಟ್ಟಿನ ಡ್ರಾಯರ್ ಮಾತ್ರ ಓಕ್ ಮರದ್ದು, ಹುಳ ಬೀಳಬಾರದು ಅಂತ. ಗೋಡೆಗೆ ಮಡಚಿಡುವ ಇಸ್ತ್ರಿ ಹಲಗೆ. ಕೆಲಸ ಮಾಡುವ ಕಡೆಗೆ ಸರಿಸಿಕೊಳ್ಳಲು ಸೂರಿನಲ್ಲಿ ಕಂಬಿ ಹಾಕಿ ಅದರ ಮೇಲೆ ದೀಪ. ತರಕಾರಿ ಹೆಚ್ಚುವ ಹಲಗೆಯಲ್ಲೇ ಒಂದು ಕಂಡಿ, ಸಿಪ್ಪೆ ತಳ್ಳಿದರೆ ಕೆಳಗಿನ ಡಬ್ಬಕ್ಕೆ. ಕೂತು ಕೆಲಸ ಮಾಡೋಕೆ ಸ್ಟೂಲ್. ಬಣ್ಣ ನೀಲಿ-ಹಸಿರು, ಆ ಬಣ್ಣಕ್ಕೆ ನೊಣ ಬರಲ್ಲ ಅಂತ ಆಗ ನಂಬಿದ್ದರಂತೆ. ಇದನ್ನೆಲ್ಲ ಮಾಡಿದ್ದು 1926ರಲ್ಲಿ ಮಾರ್ಗರೇಟೆ ಷುಟ್ಟೆ-ಲಿಹೋಟ್ಸ್ಕಿ ಎಂಬ ವಿಯೆನ್ನಾದ ಯುವತಿ. ಇಂಥ ಸುಮಾರು 10,000 ಅಡುಗೆಮನೆಗಳನ್ನು ಕೂರಿಸಿದರು. ಇವತ್ತಿನ ಮಾಡ್ಯುಲರ್ ಕಿಚನ್ನಿಗೆಲ್ಲ ಇದೇ ಅಜ್ಜಿ.

ದುಡ್ಡು ಬರೀ ಅಮೆರಿಕದ್ದಲ್ಲ. ಹಣದುಬ್ಬರದಿಂದ ಹಳೆಯ ಮನೆ ಮಾಲೀಕರ ಅಡಮಾನ ಸಾಲ ಕರಗಿ ಹೋಗಿತ್ತಲ್ಲ, ಆ ಲಾಭದ ಮೇಲೆ 1924ರಿಂದ ಒಂದು ತೆರಿಗೆ ಹಾಕಿದರು. ಹಳೆಯ ಮನೆಗಳ ತೆರಿಗೆಯಿಂದ ಹೊಸ ಮನೆಗಳಿಗೆ ಅಗ್ಗದ ಸಾಲ. ಬರ್ಲಿನ್ನಿನ ಬ್ರಿಟ್ಸ್‌ನಲ್ಲಿ ಕುದುರೆ ಲಾಳದ ಆಕಾರದ ಬಡಾವಣೆ ಎದ್ದಿದ್ದೂ ಇದೇ ಕಾಲದಲ್ಲಿ. ಬೇರೆ ಯಾವ ದೇಶ ಯುದ್ಧ ಸೋತು ಐದಾರು ವರ್ಷಕ್ಕೆ ಇಷ್ಟು ಯೋಚಿಸಿ ಮನೆ ಕಟ್ಟಿದೆ ಹೇಳಿ?

ಹಳೇಲೆಕ್ಕ

ಮೈನ್‌ದಂಡೆ ಮೇಡಂ, ಡಬ್ಬಿಗಳ ವಿವರ ಓದಿ ಖುಷಿಯಾಯಿತು. ಒಂದೇ ಪ್ರಶ್ನೆ. ಆ ಮನೆಗಳ ಬಾಡಿಗೆ ಕಟ್ಟುವ ಶಕ್ತಿ ಯಾರಿಗಿತ್ತು?

ಮೈನ್‌ದಂಡೆ

ಗೊತ್ತಿತ್ತು, ಕೇಳುತ್ತೀರಿ ಅಂತ 🙂 ಗುಮಾಸ್ತರು, ಸರ್ಕಾರಿ ನೌಕರರು, ಕುಶಲ ಕಾರ್ಮಿಕರು. ಕೂಲಿಯವರಿಗೆ ಎಟುಕಲಿಲ್ಲ. ಅವರು ಊರೊಳಗಿನ ಹಳೆಯ ವಠಾರದಲ್ಲೇ ಉಳಿದರು. ಆದರೂ ನನ್ನ ಮಾತು ಹಿಂದೆ ತಗೊಳ್ಳಲ್ಲ.

ಮಲ್ಲೇಶ್ವರ_ಎಂಟನೇ_ಅಡ್ಡರಸ್ತೆ

ಅಡ್ಡ ಬಾಯಿ ಹಾಕುತ್ತೇನೆ. ಆ ಕಾಲದ ಬರ್ಲಿನ್ನಿನ ವಾಸ್ತುಶಿಲ್ಪದ ಗಾಳಿ ಬೆಂಗಳೂರಿಗೂ ಬೀಸಿದೆ. ಓಟೋ ಕೊನಿಗ್ಸ್‌ಬರ್ಗರ್ ಅಂತ, 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ಅಲ್ಲೇ ಓದಿದವರು. ಯಹೂದಿ ಮೂಲ ಅನ್ನುವ ಕಾರಣಕ್ಕೆ 1933ರಲ್ಲಿ ಕೆಲಸ ಹೋಯಿತು. ಈಜಿಪ್ಟ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನ ಏರೋನಾಟಿಕಲ್ ವಿಭಾಗದ ಕಟ್ಟಡ ಅವರದೇ. ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬೋರ್ನ್, ಇವರಿಗಿಂತ ಮೊದಲೇ, 1935–36ರಲ್ಲಿ, ರಾಮನ್ ಕರೆದರು ಅಂತ ಅದೇ ಇನ್‌ಸ್ಟಿಟ್ಯೂಟಿಗೆ ಬಂದು ಕೆಲವು ತಿಂಗಳು ಇದ್ದರು. ಇಷ್ಟೇ. ಮುಂದುವರಿಸಿ.

ನಿವೃತ್ತ_ಮೇಷ್ಟ್ರು

ಎಲ್ಲರೂ ದುಡ್ಡಿನ ಬಗ್ಗೆಯೇ ಮಾತಾಡುತ್ತಿದ್ದೀರಿ. ರಾಜಕೀಯ ಎಲ್ಲಿ ಕೆಟ್ಟಿತು ಅಂತ ನನ್ನನ್ನು ಕೇಳಿದರೆ 1925ರ ಏಪ್ರಿಲ್ 26 ಅನ್ನುತ್ತೇನೆ.

ಯುದ್ಧ ಸೋತ ಮೇಲೆ ಬಂದ ಗಣರಾಜ್ಯದ ಮೊದಲ ಅಧ್ಯಕ್ಷ ಫ್ರೀಡ್ರಿಷ್ ಎಬರ್ಟ್. ದರ್ಜಿಯ ಮಗ, ತಾನು ಕುದುರೆ ಜೀನು ಮಾಡುವ ಕಸುಬು ಕಲಿತವನು, ಸೋಷಿಯಲ್ ಡೆಮಾಕ್ರಟ್. ಆತನನ್ನು ದೇಶದ್ರೋಹಿ ಅಂತ ಒಂದು ಪತ್ರಿಕೆ ಬರೆಯಿತು. ಯುದ್ಧಕಾಲದಲ್ಲಿ ಮದ್ದುಗುಂಡು ಕಾರ್ಮಿಕರ ಮುಷ್ಕರದಲ್ಲಿ ಸೇರಿದ್ದ ಅನ್ನೋದು ಆಪಾದನೆ. ಮುಷ್ಕರವನ್ನು ಬೇಗ ಮುಗಿಸಲೆಂದೇ ಸೇರಿದ್ದು ಅಂತ ಅವನ ವಾದ. ಮಾಗ್ಡೆಬರ್ಗ್ ನ್ಯಾಯಾಲಯ 1924ರ ಡಿಸೆಂಬರಿನಲ್ಲಿ ಪತ್ರಕರ್ತನಿಗೆ ಅವಮಾನದ ತಪ್ಪಿಗೆ ಶಿಕ್ಷೆ ಕೊಟ್ಟಿತು. ಜೊತೆಗೇ, ಕಾನೂನಿನ ಪ್ರಕಾರ ಅಧ್ಯಕ್ಷ ಮಾಡಿದ್ದು ದ್ರೋಹವೇ ಅಂತಲೂ ಬರೆಯಿತು! ಹಾಲಿ ಅಧ್ಯಕ್ಷನ ಬಗ್ಗೆ. ಈ ಕೇಸಿನ ಗಡಿಬಿಡಿಯಲ್ಲಿ ಅವನು ಹೊಟ್ಟೆನೋವನ್ನು ಅಲಕ್ಷ್ಯ ಮಾಡಿದ. ಅಪೆಂಡಿಕ್ಸ್ ಒಡೆದು 1925ರ ಫೆಬ್ರವರಿ 28ಕ್ಕೆ ಸತ್ತ. ವಯಸ್ಸು 54.

ಅದೇ ಡಿಸೆಂಬರಿನಲ್ಲೇ ಹಿಟ್ಲರ್ ಜೈಲಿನಿಂದ ಹೊರಗೆ ಬಂದ. ಸರ್ಕಾರದ ವಿರುದ್ಧ ಬಂಡೆದ್ದವನಿಗೆ ಕೊಟ್ಟಿದ್ದು ಐದು ವರ್ಷ, ತೀರ್ಪು ಬಂದು ಒಂಬತ್ತು ತಿಂಗಳಿಗೇ ಬಿಡುಗಡೆ. ನ್ಯಾಯಾಧೀಶರೆಲ್ಲ ಕೈಸರ್ (ಚಕ್ರವರ್ತಿ) ಕಾಲದವರೇ. ಗಣರಾಜ್ಯ ಅವರನ್ನು ಕುರ್ಚಿಯಿಂದ ಎಬ್ಬಿಸಲಿಲ್ಲ.

ಎಬರ್ಟ್ ಸತ್ತ ಮೇಲೆ ಚುನಾವಣೆ. ಎರಡನೇ ಸುತ್ತಿನಲ್ಲಿ ಬಲಪಂಥೀಯರು 77 ವರ್ಷದ ಫೀಲ್ಡ್ ಮಾರ್ಷಲ್ ಹಿಂಡೆನ್‌ಬರ್ಗ್‌ನನ್ನು ತಂದು ನಿಲ್ಲಿಸಿದರು. ಎದುರಿಗೆ ಕ್ಯಾಥೊಲಿಕ್ ಕೇಂದ್ರ ಪಕ್ಷದ ವಿಲ್ಹೆಲ್ಮ್ ಮಾರ್ಕ್ಸ್ (ಆ ಮಾರ್ಕ್ಸ್ ಅಲ್ಲ). ಹಿಂಡೆನ್‌ಬರ್ಗ್‌ಗೆ 1.46 ಕೋಟಿ, ಮಾರ್ಕ್ಸ್‌ಗೆ 1.37 ಕೋಟಿ. ಅಂತರ ಒಂಬತ್ತು ಲಕ್ಷ. ಕಮ್ಯುನಿಸ್ಟರ ಟೇಲ್ಮನ್ ಗೆಲ್ಲಲ್ಲ ಅಂತ ಗೊತ್ತಿದ್ದೂ ಕಣದಲ್ಲಿ ಉಳಿದು 19 ಲಕ್ಷ ತೆಗೆದ. ಬವೇರಿಯಾದ ಕ್ಯಾಥೊಲಿಕ್ ಪಕ್ಷ ಇನ್ನೂ ಮೇಲು. ಸೋಷಿಯಲಿಸ್ಟರ ಜೊತೆ ಸೇರಿದ ಕ್ಯಾಥೊಲಿಕ್ ಬೇಡ ಅಂತ ಪ್ರಷ್ಯದ ಪ್ರಾಟೆಸ್ಟೆಂಟ್ ಸೇನಾನಿಗೆ ಓಟು ಹಾಕಿಸಿತು. ತುರ್ತು ಅಧಿಕಾರ ಕೊಡುವ ಸಂವಿಧಾನದ 48ನೇ ವಿಧಿ ಆ ಮುದುಕನ ಕೈಗೆ ಹೋಯಿತು. ಮುಂದಿನದ್ದೆಲ್ಲ ನಿಮಗೆ ಗೊತ್ತೇ ಇದೆ.

ತುಂಗಾತೀರ

ಮೇಷ್ಟ್ರೇ, ಹಿಂಡೆನ್‌ಬರ್ಗ್ ಮೊದಲ ಐದು ವರ್ಷ ಸಂವಿಧಾನದ ಚೌಕಟ್ಟಿನೊಳಗೇ ಇದ್ದನಲ್ಲ? ಪಶ್ಚಿಮದ ಗಡಿಗಳಿಗೆ ಖಾತರಿ ಕೊಟ್ಟ ಲೊಕಾರ್ನೋ ಒಪ್ಪಂದ ಅವನಿಗೆ ಹಿಡಿಸದಿದ್ದರೂ ಅಡ್ಡ ಬರಲಿಲ್ಲ. 1926ರಲ್ಲಿ ಜರ್ಮನಿ ರಾಷ್ಟ್ರಸಂಘಕ್ಕೆ ಸೇರಿತು, ಸ್ಟ್ರೆಸೆಮನ್‌ಗೂ ಫ್ರಾನ್ಸಿನ ಬ್ರಿಯಾಂಗೂ ನೊಬೆಲ್ ಶಾಂತಿ ಬಹುಮಾನ ಬಂತು. ರಾಜಶಾಹಿಗಳಲ್ಲೂ ಕೆಲವರು, ನಮ್ಮ ಮಾರ್ಷಲ್ಲೇ ಕೂತಿದ್ದಾನಲ್ಲ ಅಂತ ಗಣರಾಜ್ಯವನ್ನು ಸಹಿಸಿಕೊಂಡರು.

ನಿವೃತ್ತ_ಮೇಷ್ಟ್ರು

ಸಹಿಸಿಕೊಂಡರು, ಒಪ್ಪಿಕೊಳ್ಳಲಿಲ್ಲ. 1926ರ ಮೇ ತಿಂಗಳಲ್ಲಿ ಒಂದು ಸರ್ಕಾರ ಬಿದ್ದಿದ್ದು ಯಾವ ಕಾರಣಕ್ಕೆ ಗೊತ್ತೇ? ಬಾವುಟದ ಬಣ್ಣಕ್ಕೆ. ಗಣರಾಜ್ಯದ್ದು ಕಪ್ಪು-ಕೆಂಪು-ಬಂಗಾರ, ಕೈಸರ್ ಕಾಲದ್ದು ಕಪ್ಪು-ಬಿಳಿ-ಕೆಂಪು. ಹೊರದೇಶದ ಕೆಲವು ರಾಯಭಾರ ಕಚೇರಿಗಳಲ್ಲಿ ಹಳೆಯ ಬಣ್ಣದ ವ್ಯಾಪಾರಿ ಬಾವುಟವನ್ನೂ ಜೊತೆಗೆ ಹಾರಿಸಿ ಅಂತ ಚಾನ್ಸಲರ್ ಲೂಥರ್ ಆದೇಶ ತಂದ. ಹಿಂಡೆನ್‌ಬರ್ಗ್ ಸಹಿ ಹಾಕಿದ. ಸಂಸತ್ತಿನಲ್ಲಿ ಖಂಡನೆಯ ಗೊತ್ತುವಳಿ ಬಂತು, ಲೂಥರ್ ಮನೆಗೆ. ಏಳು ವರ್ಷವಾದರೂ ತನ್ನ ಬಾವುಟ ಯಾವುದು ಅಂತ ತೀರ್ಮಾನವಾಗದ ದೇಶ ಅದು.

ಲೊಕಾರ್ನೋ ಬಗ್ಗೆಯೂ ಒಂದು ಮಾತು. ಫ್ರಾನ್ಸ್, ಬೆಲ್ಜಿಯಂ ಕಡೆಯ ಗಡಿಗೆ ಮಾತ್ರ ಖಾತರಿ. ಪೋಲೆಂಡ್ ಕಡೆಯ ಗಡಿಯನ್ನು ಸ್ಟ್ರೆಸೆಮನ್ ಬೇಕಂತಲೇ ತೆರೆದಿಟ್ಟ. ಅತ್ತ ರಷ್ಯದ ಲಿಪೆಟ್ಸ್ಕ್‌ನಲ್ಲಿ ಜರ್ಮನ್ ಪೈಲಟ್‌ಗಳಿಗೆ ಗುಟ್ಟಾಗಿ ತರಬೇತಿ 1925ರಿಂದಲೇ ನಡೆಯುತ್ತಿತ್ತು. ಆತ ಶಾಂತಿದೂತ ಅನ್ನುವುದಕ್ಕಿಂತ ಜಾಣ ಅಂದರೆ ಸರಿ. ಅಷ್ಟು ಜಾಣ ಇನ್ನೊಬ್ಬ ಸಿಗಲಿಲ್ಲ ಅನ್ನೋದೂ ನಿಜ.

ಸುಮ್ನೆಓದುಗ

ನನಗೊಂದು ಅನುಮಾನ. 1928ರ ಚುನಾವಣೆಯಲ್ಲಿ ನಾಜಿಗಳಿಗೆ ಬಂದಿದ್ದು 2.6%, 12 ಸೀಟು. ಸೋಷಿಯಲ್ ಡೆಮಾಕ್ರಟ್‌ಗಳಿಗೆ 153. ಜನ ಅಷ್ಟು ಸಿಟ್ಟಾಗಿದ್ದರೆ ಈ ಲೆಕ್ಕ ಯಾಕೆ ಹೀಗಿದೆ? ಹಳೇಲೆಕ್ಕ ಅವರ ವಾದ ಇಲ್ಲೇ ಬಿತ್ತಲ್ಲ?

ಹಳೇಲೆಕ್ಕ

ಒಳ್ಳೆ ಪ್ರಶ್ನೆ. ಎಲ್ಲರೂ ನಾಜಿಗಳ 2.6% ನೋಡುತ್ತಾರೆ, ಪಕ್ಕದ ಸಾಲುಗಳನ್ನು ನೋಡಲ್ಲ.

ಮಧ್ಯಮ ವರ್ಗದ ಉದಾರವಾದಿ ಪಕ್ಷ ಡಿಡಿಪಿ 1919ರಲ್ಲಿ 18.5% ತೆಗೆದುಕೊಂಡಿತ್ತು. 1928ಕ್ಕೆ 4.9%. ರಾಷ್ಟ್ರವಾದಿಗಳ ಡಿಎನ್‌ವಿಪಿ 1924ರ ಡಿಸೆಂಬರಿನ 20.5%ನಿಂದ 14.2%ಗೆ ಇಳಿಯಿತು. ಈ ಓಟೆಲ್ಲ ಸೋಷಿಯಲಿಸ್ಟರಿಗೆ ಹೋಗಲಿಲ್ಲ. ಮನೆ ಮಾಲೀಕರ, ಅಂಗಡಿಯವರ ಪಕ್ಷ ಅಂತಿದ್ದ ವಿರ್ಟ್‌ಷಾಫ್ಟ್ಸ್‌ಪಾರ್ಟೈಗೆ 23 ಸೀಟು. ರೈತರ ಸಣ್ಣ ಪಕ್ಷಗಳು. ಉಳಿತಾಯ ಕಳೆದುಕೊಂಡವರದೇ ಒಂದು ಪಕ್ಷ, ಅದಕ್ಕೂ 2 ಸೀಟು ಬಂತು! ಇಂಥ ಚಿಲ್ಲರೆ ಪಕ್ಷಗಳೆಲ್ಲ ಸೇರಿ ಹೆಚ್ಚುಕಡಿಮೆ 14%. ನಮ್ಮನ್ನು ಯಾರೂ ಕೇಳುವವರಿಲ್ಲ, ನಮ್ಮ ಪಂಗಡವನ್ನು ನಾವೇ ನೋಡಿಕೊಳ್ಳುತ್ತೇವೆ ಅಂತ ಹೊರಟವರು ಇವರು. ಮನೆ ಬಿಟ್ಟಾಗಿತ್ತು, ಎಲ್ಲಿಗೆ ಅಂತ ಗೊತ್ತಾಗಿರಲಿಲ್ಲ.

ಇನ್ನೊಂದು ಲೆಕ್ಕ. ಸಿಂಹಾಸನ ಬಿಟ್ಟ ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ಮುಟ್ಟುಗೋಲು ಹಾಕಬೇಕು ಅಂತ ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು ಸೇರಿ 1926ರ ಜೂನ್ 20ಕ್ಕೆ ಜನಮತಗಣನೆ ಮಾಡಿಸಿದರು. ಹೌದು ಅಂದವರು 1.45 ಕೋಟಿ. ಹಿಂದಿನ ಚುನಾವಣೆಯಲ್ಲಿ ಆ ಎರಡೂ ಪಕ್ಷ ಸೇರಿ ಪಡೆದಿದ್ದ ಓಟು 1.06 ಕೋಟಿ. ಉಳಿದ ಸುಮಾರು 40 ಲಕ್ಷ ಜನ ಯಾರು? ಬಾಂಡಿಗೆ 2.5% ಸಿಕ್ಕಿದವರು, ರಾಜನಿಗೆ ಮಾತ್ರ ಅರಮನೆ ಪೂರ್ತಿ ವಾಪಸ್ಸಾ ಅಂತ ಕೇಳಿದವರು ಅವರಲ್ಲಿ ಬಹಳ ಇದ್ದರು. ಅದು ಪಾಸಾಗಲಿಲ್ಲ, ಒಟ್ಟು ಮತದಾರರಲ್ಲಿ ಅರ್ಧ, ಅಂದರೆ ಸುಮಾರು 2 ಕೋಟಿ ಬೇಕಿತ್ತು. ವಿರೋಧಿಗಳು ಬೇಡ ಅಂತ ಓಟು ಹಾಕಿಸಲಿಲ್ಲ, ಮತಗಟ್ಟೆಗೇ ಹೋಗಬೇಡಿ ಅಂದರು. ಹಳ್ಳಿಯಲ್ಲಿ ಮತಗಟ್ಟೆಗೆ ಹೋದವನು ಹೌದು ಅನ್ನೋಕೇ ಹೋಗಿದ್ದಾನೆ ಅಂತ ಜಮೀನ್ದಾರನಿಗೆ ಗೊತ್ತಾಗುತ್ತಿತ್ತು. ಗುಟ್ಟಿನ ಮತದಾನ ಎಲ್ಲಿ ಉಳಿಯಿತು?

ಕಪ್ಪುಕೋಟು

ಕಾನೂನು ಓದಿದವಳಾಗಿ ಒಂದು ಸೇರಿಸುತ್ತೇನೆ. ಇಷ್ಟು ಹೊತ್ತು 'ಜನ', 'ಜನ' ಅಂದಿದ್ದರಲ್ಲಿ ಹೆಂಗಸರ ಸುದ್ದಿ ಅಡುಗೆಮನೆಯಲ್ಲಿ ಮಾತ್ರ ಬಂತು!

1919ರ ಸಂವಿಧಾನ ಹೆಂಗಸರಿಗೂ ಗಂಡಸರಿಗೂ ಮೂಲತಃ ಸಮಾನ ಹಕ್ಕು ಅಂದಿತು. ಸರ್ಕಾರಿ ಹುದ್ದೆಯಲ್ಲಿ ಹೆಂಗಸರಿಗೆ ಇದ್ದ ಅಡ್ಡಿಗಳೆಲ್ಲ ರದ್ದು ಅಂತಲೂ ಬರೆದರು. ಆದರೆ ಮಾರ್ಕನ್ನು ಗಟ್ಟಿ ಮಾಡುವಾಗ ಖರ್ಚು ಕಡಿಮೆ ಮಾಡಬೇಕಲ್ಲ, 1923ರ ಅಕ್ಟೋಬರಿನಲ್ಲಿ ಸಿಬ್ಬಂದಿ ಕಡಿತದ ಆದೇಶ ಬಂತು. ಲಕ್ಷಗಟ್ಟಲೆ ಜನರ ಕೆಲಸ ಹೋಯಿತು. ಮದುವೆಯಾದ ನೌಕರಿಣಿಯರನ್ನು ಮನೆಗೆ ಕಳಿಸಲು ಅದರಲ್ಲೇ ವಿಶೇಷ ಅವಕಾಶ. ಗಂಡ ದುಡಿಯುತ್ತಾನಲ್ಲ, ಒಂದು ಮನೆಗೆ ಎರಡು ಸಂಬಳ ಯಾಕೆ ಅನ್ನುವ ವಾದ. ಶಿಕ್ಷಕಿಯರು, ಅಂಚೆ ಕಚೇರಿಯ ಹೆಂಗಸರು ಹೀಗೆ ಹೊರಬಿದ್ದರು. ಸಂವಿಧಾನ ಬಂದು ನಾಲ್ಕೇ ವರ್ಷ.

ಬರ್ಲಿನ್ನಿನ ಪತ್ರಿಕೆಗಳಲ್ಲಿ ಗಿಡ್ಡ ಕೂದಲು, ಸಿಗರೇಟು, ಟೈಪ್‌ರೈಟರ್ ಮುಂದಿನ ಹೊಸ ಹೆಣ್ಣು. ಇದ್ದಳು ನಿಜ. ಆದರೆ ಆ ಟೈಪಿಸ್ಟ್ ಹುಡುಗಿಯ ಸಂಬಳ ಅದೇ ಕೆಲಸ ಮಾಡುವ ಗಂಡಸಿಗಿಂತ ಕಡಿಮೆ, ಮದುವೆಯಾದರೆ ಕೆಲಸ ಬಿಡು ಅನ್ನೋದು ರೂಢಿ. ಮೈನ್‌ದಂಡೆ ಅವರೇ, ಆ ಚಂದದ ಅಡುಗೆಮನೆಯಲ್ಲಿ ಒಬ್ಬರಿಗೇ ಜಾಗ ಅಂದಿರಲ್ಲ. ಆ ಒಬ್ಬರು ಯಾರು ಅಂತ ಮೊದಲೇ ತೀರ್ಮಾನವಾಗಿತ್ತು.

ತುಂಗಾತೀರ

ಕಪ್ಪುಕೋಟು ಮೇಡಂ ಹೇಳಿದ್ದು ಒಪ್ಪಿದೆ. ಹಳೇಲೆಕ್ಕ ಅವರದು ಇನ್ನೂ ಅರ್ಧವೇ. ಉಳಿತಾಯ ಹೋದ ಸಿಟ್ಟು 1923ರದ್ದು. ಅದು ಏಳು ವರ್ಷ ಹಾಗೇ ಉಳಿಯಿತು ಅಂತ ಹೇಗೆ ನಂಬೋದು? ರೈತರನ್ನೇ ನೋಡಿ, ಹಣದುಬ್ಬರದಲ್ಲಿ ಅವರ ಸಾಲ ಪೂರ್ತಿ ತೀರಿತ್ತು. ಗೆದ್ದವರೇ ಅವರು.

ಹಳೇಲೆಕ್ಕ

ಗೆದ್ದಿದ್ದು ಒಂದು ವರ್ಷ. ಹಳೆಯ ಸಾಲ ಹೋಯಿತು, ಜೊತೆಗೆ ಕೈಯಲ್ಲಿದ್ದ ಬಂಡವಾಳವೂ ಹೋಯಿತು. 1924ರಲ್ಲಿ ಬೀಜ ಗೊಬ್ಬರಕ್ಕೆ ಹೊಸ ಸಾಲ ಬೇಕು, ಬಡ್ಡಿ ವಿಪರೀತ. ತೆರಿಗೆಯನ್ನು ಗಟ್ಟಿ ಮಾರ್ಕಿನಲ್ಲೇ ಕಟ್ಟಬೇಕು. 1927ರ ಹೊತ್ತಿಗೆ ಹಂದಿ, ದನದ ಬೆಲೆ ಬಿತ್ತು. ಅದೇ ವರ್ಷ ಸರ್ಕಾರಿ ನೌಕರರಿಗೆ ಭರ್ಜರಿ ಸಂಬಳ ಏರಿಕೆ. ಹಳ್ಳಿಯವರಿಗೆ ಹೇಗನ್ನಿಸಿರಬೇಕು?

ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಕಡೆ ನೋಡಿ. ದನ ಕೊಬ್ಬಿಸಿ ಮಾರುವ ರೈತರ ಸೀಮೆ. 1928ರ ಜನವರಿ 28ರಂದು ಅಲ್ಲಿನ ಊರೂರಿನಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ರೈತರು ಬೀದಿಗೆ ಬಂದರು. ಯಾವ ಪಕ್ಷದ ಕರೆಯೂ ಅಲ್ಲ. ಅದೇ ನವೆಂಬರಿನಲ್ಲಿ ಬೈಡನ್‌ಫ್ಲೆಟ್ ಎಂಬ ಹಳ್ಳಿಯಲ್ಲಿ ತೆರಿಗೆ ಬಾಕಿಗೆ ಅಂತ ಎರಡು ಎತ್ತು ಜಪ್ತಿ ಮಾಡಲು ಬಂದರು. ಎತ್ತು ಹೊಡೆದುಕೊಂಡು ಹೊರಟರೆ ದಾರಿಗೆ ಅಡ್ಡ ಹುಲ್ಲಿನ ಬೆಂಕಿ. ಊರವರೆಲ್ಲ ಅಲ್ಲೇ. ಎತ್ತುಗಳು ಬೆಂಕಿ ಕಂಡು ಬೆದರಿ ತಿರುಗಿ ತಮ್ಮ ಕೊಟ್ಟಿಗೆಗೇ ಓಡಿದವು. ಬಂದವರು ಬರಿಗೈಯಲ್ಲಿ ಹೋದರು. ಆಮೇಲೆ ಊರಿನ ಹತ್ತಾರು ರೈತರ ಮೇಲೆ ಕೇಸು.

ಮುಂದಿನ ವರ್ಷ ನಾಯ್‌ಮುನ್‌ಸ್ಟರ್ ಪಟ್ಟಣದಲ್ಲಿ ಮೆರವಣಿಗೆ. ಕಪ್ಪು ಬಾವುಟ, ಅದರ ಮೇಲೆ ಬಿಳಿ ನೇಗಿಲು, ಕೆಂಪು ಕತ್ತಿ. ಪೊಲೀಸರು ಬಾವುಟ ಕಿತ್ತುಕೊಳ್ಳಲು ಹೋಗಿ ಮಾರಾಮಾರಿ ಆಯಿತು. ರೈತರು ಆ ಪಟ್ಟಣಕ್ಕೇ ಬಹಿಷ್ಕಾರ ಹಾಕಿದರು. ತಿಂಗಳುಗಟ್ಟಲೆ ಅಲ್ಲಿ ಏನೂ ಕೊಳ್ಳಲಿಲ್ಲ, ಏನೂ ಮಾರಲಿಲ್ಲ. ಕೆಲವರು ಸರ್ಕಾರಿ ಕಚೇರಿಗಳಿಗೆ ಬಾಂಬ್ ಇಡುವ ಮಟ್ಟಕ್ಕೂ ಹೋದರು. ವಾಲ್ ಸ್ಟ್ರೀಟ್ ಬೀಳೋದಕ್ಕೆ ಇನ್ನೂ ತಿಂಗಳುಗಳಿದ್ದವು, ತುಂಗಾತೀರ ಅವರೇ. ಆ ಪ್ರಾಂತ್ಯದಲ್ಲಿ ನಾಜಿಗಳಿಗೆ 1928ರಲ್ಲಿ 4%, 1930ರಲ್ಲಿ 27%.

ಸುಮ್ನೆಓದುಗ

ಎತ್ತಿನ ಕತೆ ಸಖತ್. ಇಡೀ ಸರ್ಕಾರ ಎರಡು ಎತ್ತು ಹಿಡಿಯೋಕೆ ಆಗದೆ ವಾಪಸ್ ಹೋಗಿದ್ದು 😀

ನಿವೃತ್ತ_ಮೇಷ್ಟ್ರು

ನಗಬೇಡಪ್ಪಾ. ಸರ್ಕಾರಕ್ಕೆ ಹೆದರಬೇಕಿಲ್ಲ ಅಂತ ಹಳ್ಳಿಗೆ ಗೊತ್ತಾಗಿದ್ದು ಆವತ್ತು.

ತುಂಗಾತೀರ

ಸರಿ, ರೈತರ ವಿಷಯ ಒಪ್ಪುತ್ತೇನೆ. ಆದರೆ ಗಣರಾಜ್ಯವನ್ನು ಕೈಬಿಟ್ಟಿದ್ದು ಬರೀ ರೈತರು, ವಿಧವೆಯರು ಅಲ್ಲ. ದೊಡ್ಡವರು ಏನು ಮಾಡಿದರು ಅಂತ ಯಾರೂ ಹೇಳಲಿಲ್ಲ.

1927ರ ಜುಲೈಯಲ್ಲಿ ನಿರುದ್ಯೋಗ ವಿಮೆ ಕಾನೂನು ಬಂತು. ಸಂಬಳದ 3%, ಅರ್ಧ ಕಾರ್ಮಿಕ ಅರ್ಧ ಮಾಲೀಕ. ಒಳ್ಳೆಯ ಕಾನೂನೇ. ಕೈಗಾರಿಕೋದ್ಯಮಿಗಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. 1928ರ ನವೆಂಬರಿನಲ್ಲಿ ರೂರ್ ಪ್ರದೇಶದ ಉಕ್ಕಿನ ಮಾಲೀಕರು ಸರ್ಕಾರಿ ಮಧ್ಯಸ್ಥಗಾರ ಹೇಳಿದ ಕೂಲಿ ಕೊಡಲ್ಲ ಅಂತ ಎರಡು ಲಕ್ಷಕ್ಕೂ ಮೀರಿ ಕಾರ್ಮಿಕರನ್ನು ಲಾಕೌಟ್ ಮಾಡಿ ಹೊರಗೆ ನಿಲ್ಲಿಸಿದರು. ಗಣರಾಜ್ಯದ ನಿಯಮವನ್ನೇ ಒಪ್ಪಲ್ಲ ಅಂದ ಹಾಗಾಯಿತು. ಇದೂ ಕುಸಿತಕ್ಕೆ ಮೊದಲೇ, ನಿಮ್ಮ ವಾದಕ್ಕೆ ಬೇಕಾದರೆ ಇಟ್ಟುಕೊಳ್ಳಿ!

ವಿಮೆಯ ಲೆಕ್ಕದಲ್ಲೂ ಎಡವಟ್ಟು. ಆ ನಿಧಿ ಸುಮಾರು ಎಂಟು ಲಕ್ಷ ನಿರುದ್ಯೋಗಿಗಳಿಗೆ ಅಂತ ಮಾಡಿದ್ದು. 1929ರ ಫೆಬ್ರವರಿಯ ಭೀಕರ ಚಳಿಯಲ್ಲಿ ಕೆಲಸವಿಲ್ಲದವರು 30 ಲಕ್ಷದ ಹತ್ತಿರ. ನಿಧಿ ಬರಿದಾಯಿತು, ಸರ್ಕಾರ ತುಂಬಿಕೊಡಬೇಕಾಯಿತು. ಅಕ್ಟೋಬರ್ 3ಕ್ಕೆ ಸ್ಟ್ರೆಸೆಮನ್ ಸತ್ತ. ತನ್ನ ಪಕ್ಷದ ಉದ್ಯಮಿಗಳನ್ನೂ ಸೋಷಿಯಲ್ ಡೆಮಾಕ್ರಟರನ್ನೂ ಒಂದೇ ಸರ್ಕಾರದಲ್ಲಿ ಹಿಡಿದಿಟ್ಟಿದ್ದವನು ಅವನೇ. 1930ರ ಮಾರ್ಚ್ 27ಕ್ಕೆ ಸೋಷಿಯಲ್ ಡೆಮಾಕ್ರಟ್ ಚಾನ್ಸಲರ್ ಹರ್ಮನ್ ಮುಲ್ಲರ್ ಸರ್ಕಾರ ಬಿತ್ತು. ಜಗಳ ಯಾವುದಕ್ಕೆ? ವಿಮೆಯ ಕಂತು 3.5% ಇರಲೋ 4% ಮಾಡೋದೋ ಅಂತ. ಅರ್ಧ ಪರ್ಸೆಂಟಿಗೆ! ಅದಾದ ಮೇಲೆ ಸಂಸತ್ತಿನ ಬಹುಮತ ಇದ್ದ ಸರ್ಕಾರವೇ ಬರಲಿಲ್ಲ.

ಕಪ್ಪುಕೋಟು

ಅರ್ಧ ಪರ್ಸೆಂಟ್ ಅನ್ನೋದು ನೆಪ. ಹಿಂಡೆನ್‌ಬರ್ಗ್‌ನ ಸುತ್ತಲಿದ್ದವರು ಸೋಷಿಯಲ್ ಡೆಮಾಕ್ರಟರನ್ನು ಹೊರಗಿಡುವ ಲೆಕ್ಕಾಚಾರ ಅಷ್ಟರಲ್ಲೇ ಶುರು ಮಾಡಿದ್ದರು. ಮೇಷ್ಟ್ರು ಹೇಳಿದ 48ನೇ ವಿಧಿ ಇಲ್ಲಿಗೆ ಬಂದು ಕೂತುಕೊಳ್ಳುತ್ತದೆ.

ಮೈನ್‌ದಂಡೆ

ಅರ್ನ್‌ಸ್ಟ್ ಮೈ ಕೂಡ ಅದೇ 1930ರಲ್ಲಿ ಫ್ರಾಂಕ್‌ಫರ್ಟ್ ಬಿಟ್ಟ. ಇಲ್ಲಿ ಕಟ್ಟಲು ದುಡ್ಡಿರಲಿಲ್ಲ. ತನ್ನ ತಂಡ ಕಟ್ಟಿಕೊಂಡು ಸೋವಿಯತ್ ರಷ್ಯಕ್ಕೆ ಹೊಸ ಊರುಗಳನ್ನು ಕಟ್ಟಲು ಹೋದ. ಷುಟ್ಟೆ-ಲಿಹೋಟ್ಸ್ಕಿಯೂ ಜೊತೆಗೆ ಹೋದಳು.

ಸುಮ್ನೆಓದುಗ

ಕೊನೆಗೆ ಒಂದು ಕೇಳಿಬಿಡುತ್ತೇನೆ. ಆ ಚಿಲ್ಲರೆ ಪಕ್ಷಗಳು ಏನಾದವು? ಅಂಗಡಿಯವರ ಪಕ್ಷ?

ಹಳೇಲೆಕ್ಕ

ವಿರ್ಟ್‌ಷಾಫ್ಟ್ಸ್‌ಪಾರ್ಟೈ 1930ರ ಸೆಪ್ಟೆಂಬರಿನಲ್ಲೂ 23 ಸೀಟು ಉಳಿಸಿಕೊಂಡಿತು. ಆ ಚುನಾವಣೆಯಲ್ಲೇ ನಾಜಿಗಳು 12ರಿಂದ 107ಕ್ಕೆ ಹಾರಿದ್ದು. 1932ರ ಜುಲೈಗೆ ಅಂಗಡಿಯವರದು 2. ಸ್ಟ್ರೆಸೆಮನ್‌ನ ಹಳೆಯ ಪಕ್ಷಕ್ಕೆ 7, ಡಿಡಿಪಿ ಹೆಸರು ಬದಲಿಸಿಕೊಂಡು ನಿಂತಿದ್ದಕ್ಕೆ 4. ನಾಜಿಗಳಿಗೆ 230.

ತುಂಗಾತೀರ

1930ಕ್ಕೂ 1932ಕ್ಕೂ ನಡುವೆ ಮುಲ್ಲರ್ ನಂತರದ ಚಾನ್ಸಲರ್ ಬ್ರೂನಿಂಗ್ ಸಂಬಳ ಕತ್ತರಿಸಿದ್ದು, ಬ್ಯಾಂಕ್ ಮುಳುಗಿದ್ದು, 60 ಲಕ್ಷ ನಿರುದ್ಯೋಗಿಗಳು, ಇದೆಲ್ಲ ಇದೆಯಲ್ಲ ಸ್ವಾಮಿ. ಅದನ್ನು ಬಿಟ್ಟು 1925ರ ಬಾಂಡಿನಿಂದ ನೇರ 230ಕ್ಕೆ ಗೆರೆ ಎಳೆದರೆ ನಾನು ಒಪ್ಪಲ್ಲ. ಬ್ರೂನಿಂಗ್ ಬಗ್ಗೆ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ಜಗಳ ಆಡೋಣ.

ಹಳೇಲೆಕ್ಕ

ಭಾನುವಾರ ಶುರು ಮಾಡುತ್ತೇನೆ. ಮೇಷ್ಟ್ರೇ, 48ನೇ ವಿಧಿಯ ಭಾಗ ನಿಮ್ಮದು.